ಹುಳಿ ಸಾಸಿಗೆ, ಫ್ರೀಜರಿನ ಟಾಪಿಂಗಿಗೆ ಐಎನ್‌ಎಸ್ 1442: ಬಳಸಿ ನೋಡಿದವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಹುಳಿ ಇರುವ, ಕುದಿಸಿ ಬಾಟಲಿಗೆ ತುಂಬುವ ಅಥವಾ ಫ್ರೀಜರಿನಲ್ಲಿ ಇಡುವ ಸಾಸು, ಟಾಪಿಂಗು ಮಾಡುವವರಾದರೆ ಐಎನ್‌ಎಸ್ 1442 ಎಂಬ, ಸಾಸು ಗಟ್ಟಿ ಮಾಡುವ ಈ ಪಿಷ್ಟದ (ಸ್ಟಾರ್ಚ್) ಪುಡಿ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಮನೆಯಲ್ಲಿ ಭಾನುವಾರ ಗೋಬಿ ಮಂಚೂರಿ ಮಾಡುವವರಿಗೆ ಇದರ ಗೊಡವೆಯೇ ಬೇಡ, ಅಂಗಡಿಯ ಕಾರ್ನ್‌ಫ್ಲೋರ್ ಧಾರಾಳ ಸಾಕು. ನಾನು ಬರೆಯುತ್ತಿರುವುದು ಇವೆರಡರ ನಡುವೆ ಇರುವ ನಮ್ಮಂಥ ಸಣ್ಣ ಗೃಹೋದ್ಯಮದವರಿಗೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆ ಹಿಂದಿನ ಹಳೇ ಕೊಟ್ಟಿಗೆಯನ್ನೇ ಟೈಲ್ಸ್ ಹಾಕಿಸಿ ಅಡುಗೆ ಘಟಕ ಮಾಡಿಕೊಂಡಿದ್ದೇವೆ. ಬನವಾಸಿ ಕಡೆಯ ಅನಾನಸಿನಿಂದ ಐಸ್‌ಕ್ರೀಮ್ ಮೇಲೆ ಸುರಿಯುವ ಟಾಪಿಂಗ್, ಮುರುಗಲು ಹಣ್ಣಿಗೆ ಸೂಜಿಮೆಣಸು ಸೇರಿಸಿದ ಸಾಸ್, ಇವೆರಡು ಮುಖ್ಯ. ಟಾಪಿಂಗ್ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ, ಕಾರವಾರದ ಐಸ್‌ಕ್ರೀಮ್ ಅಂಗಡಿಗಳಿಗೆ ಹೋಗುತ್ತದೆ. ಸಾಸ್ ಹೆಚ್ಚಾಗಿ ಶಿರಸಿ ಪೇಟೆಯಲ್ಲೇ ಖರ್ಚಾಗುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗಲಂತೂ ಮಾಡಿದಷ್ಟೂ ಸಾಲದು.

ಚೀಲದ ಮೇಲೆ ಇದರ ಹೆಸರು ಹೈಡ್ರಾಕ್ಸಿಪ್ರೊಪೈಲ್ ಡೈಸ್ಟಾರ್ಚ್ ಫಾಸ್ಫೇಟ್. ಹೇಳುವಷ್ಟರಲ್ಲಿ ನಾಲಿಗೆ ಸುಸ್ತಾಗುತ್ತದೆ, ಹಾಗಾಗಿ ಎಲ್ಲರೂ ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ಪಟ್ಟಿಯ ನಂಬರ್ ಹೇಳುತ್ತಾರೆ: ಐಎನ್‌ಎಸ್ 1442. ನಾವು ತರಿಸುವುದು ವ್ಯಾಕ್ಸಿ ಎಂಬ ಬಗೆಯ ಮೆಕ್ಕೆಜೋಳದಿಂದ ಮಾಡಿದ್ದು. ನೋಡಲು ಮಾಮೂಲಿ ಕಾರ್ನ್‌ಫ್ಲೋರೇ. ಬಿಳಿ, ನುಣುಪು, ಬೆರಳಲ್ಲಿ ಒತ್ತಿದರೆ ಕಿರಕ್ ಅನ್ನುತ್ತದೆ. ವಾಸನೆ ಇಲ್ಲ, ರುಚಿ ಇಲ್ಲ. ವ್ಯತ್ಯಾಸ ಗೊತ್ತಾಗುವುದು ಒಲೆ ಮೇಲೆ ಇಟ್ಟಾಗ.

ಮಾಮೂಲಿ ಕಾರ್ನ್‌ಫ್ಲೋರಿನ ತೊಂದರೆ ಏನು ಅಂತ ಮೊದಲು ನೋಡೋಣ. ಪಿಷ್ಟದ ಒಂದೊಂದು ಕಣದೊಳಗೂ ಗ್ಲೂಕೋಸಿನ ಎರಡು ಬಗೆಯ ಸರಪಳಿಗಳಿವೆ. ನೀಳವಾಗಿರುವುದು ಅಮೈಲೋಸ್, ಕವಲೊಡೆದು ಹರಡಿರುವುದು ಅಮೈಲೋಪೆಕ್ಟಿನ್. ಸಾಧಾರಣ ಮೆಕ್ಕೆಜೋಳದ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲು ಭಾಗ. ನೀರಲ್ಲಿ ಕದಡಿ ಬಿಸಿ ಮಾಡಿದರೆ 62ರಿಂದ 72 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕಣ ನೀರು ಕುಡಿದು ಉಬ್ಬುತ್ತದೆ. ಸಾಸ್ ಗಟ್ಟಿಯಾಗುವುದು ಆಗಲೇ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಇನ್ನೂ ಕುದಿಸುತ್ತ ಸೌಟು ತಿರುಗಿಸುತ್ತ ಹೋದರೆ, ಅದರಲ್ಲೂ ಹುಳಿ ಇದ್ದರೆ, ಉಬ್ಬಿದ ಕಣ ಒಡೆದುಹೋಗುತ್ತದೆ. ಗಟ್ಟಿಯಾಗಿದ್ದ ಸಾಸ್ ಕಣ್ಣೆದುರೇ ತೆಳ್ಳಗಾಗುತ್ತದೆ. ತಣಿದ ಮೇಲೆ ಇನ್ನೊಂದು ಗೋಳು. ಅಮೈಲೋಸ್ ಎಳೆಗಳು ಹತ್ತಿರ ಸರಿದು ಬಿಗಿಯಾಗಿ ಕೂರುತ್ತವೆ, ನಡುವೆ ಇದ್ದ ನೀರನ್ನು ಹೊರಗೆ ದೂಡುತ್ತವೆ. ಬಾಟಲಿಯ ಮೇಲ್ಗಡೆ ಒಂದು ಬೆರಳು ನೀರು ನಿಂತದ್ದನ್ನು ಗ್ರಾಹಕರು ನೋಡಿದರೆ ‘ಹಾಳಾಗಿದೆ’ ಅಂತಲೇ ಹೇಳುತ್ತಾರೆ. ಹಾಳಾಗಿರುವುದಿಲ್ಲ, ಆದರೆ ಅದನ್ನು ಅಂಗಡಿಕಟ್ಟೆಯಲ್ಲಿ ನಿಂತು ವಿವರಿಸಲು ಆಗುತ್ತದಾ?

1442ರಲ್ಲಿ ಈ ಎರಡೂ ತೊಂದರೆಗೆ ಒಂದೊಂದು ಮದ್ದು ಇದೆ. ಸರಪಳಿಗಳ ನಡುವೆ ಅಲ್ಲೊಂದು ಇಲ್ಲೊಂದು ಫಾಸ್ಫೇಟ್ ಕೊಂಡಿ ಹಾಕಿರುತ್ತಾರೆ, ಹರಿಯುವ ಬಟ್ಟೆಗೆ ನಾಲ್ಕು ಹೊಲಿಗೆ ಹಾಕಿದ ಹಾಗೆ. ಕಾರ್ಖಾನೆಯಲ್ಲಿ ಇದಕ್ಕೆ ಸೋಡಿಯಂ ಟ್ರೈಮೆಟಾಫಾಸ್ಫೇಟ್ ಅಥವಾ ಫಾಸ್ಫರಸ್ ಆಕ್ಸಿಕ್ಲೋರೈಡ್ ಬಳಸುತ್ತಾರೆ. ಕೊಂಡಿ ಇರುವುದರಿಂದ ಕಣ ಉಬ್ಬುತ್ತದೆ, ಆದರೆ ಹುಳಿಗೂ ಕುದಿಗೂ ಸುಲಭಕ್ಕೆ ಒಡೆಯುವುದಿಲ್ಲ. ಇನ್ನೊಂದು, ಪ್ರೊಪೈಲೀನ್ ಆಕ್ಸೈಡ್ ಬಳಸಿ ಸರಪಳಿಯ ಪಕ್ಕಕ್ಕೆ ಹೈಡ್ರಾಕ್ಸಿಪ್ರೊಪೈಲ್ ಗುಂಪುಗಳನ್ನು ಜೋಡಿಸಿರುತ್ತಾರೆ. ಇವು ಅಡ್ಡ ಚಾಚಿಕೊಂಡು ಎಳೆಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಹಾಗಾಗಿ ನೀರು ಒಳಗೇ ಉಳಿಯುತ್ತದೆ. ವ್ಯಾಕ್ಸಿ ಜೋಳದಲ್ಲಿ ಅಮೈಲೋಸ್ ಮೊದಲೇ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದೂ ಅನುಕೂಲವೇ.

ಪುಸ್ತಕದ ಮಾತು ಸಾಕು. ನಮ್ಮ ಮಳೆಗಾಲದಲ್ಲಿ ಏನಾಯಿತು ಹೇಳುತ್ತೇನೆ. ಆಷಾಢದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಒಂದು ಮರ ಲೈನಿನ ಮೇಲೆ ಬಿದ್ದರೆ ರಾತ್ರಿಯಿಡೀ ಫ್ರೀಜರ್ ಸುಮ್ನೆ ಕೂತಿರುತ್ತದೆ. ಒಳಗಿದ್ದದ್ದು ಕರಗುತ್ತದೆ, ಬೆಳಿಗ್ಗೆ ಮತ್ತೆ ಹೆಪ್ಪುಗಟ್ಟುತ್ತದೆ. ಪಿಷ್ಟಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಕಾರ್ನ್‌ಫ್ಲೋರಿನ ಟಾಪಿಂಗ್ ಒಂದು ಡಬ್ಬಿ, 1442 ಹಾಕಿದ್ದು ಒಂದು ಡಬ್ಬಿ, ಎರಡನ್ನೂ ಒಟ್ಟಿಗೇ ಮಾಡಿ ಇಟ್ಟಿದ್ದೆ. ಹಾಗೆ ಕೆಲವು ಸಲ ಕರಗಿ ಗಟ್ಟಿಯಾದ ಮೇಲೆ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟೆ. ಕಾರ್ನ್‌ಫ್ಲೋರಿನದು ಡಬ್ಬಿಯ ಅಂಚಿನಿಂದ ಬಿಟ್ಟುಕೊಂಡಿತ್ತು. ಸುತ್ತ ಹಳದಿ ನೀರು. ನಡುವೆ ತೂತು ತೂತಾದ ಗಡ್ಡೆ, ಚಮಚದಲ್ಲಿ ಒತ್ತಿದರೆ ಇನ್ನಷ್ಟು ನೀರು ಇಳಿಯುತ್ತಿತ್ತು. ಅನಾನಸಿನ ಸಿಹಿಯೆಲ್ಲ ನೀರಿಗೇ ಹೋಗಿ ಗಡ್ಡೆ ಬರೀ ಹಿಟ್ಟು ತಿಂದ ಹಾಗಿತ್ತು. 1442ರದ್ದು ಡಬ್ಬಿ ಓರೆ ಮಾಡಿದರೆ ನಿಧಾನವಾಗಿ ಜಾರಿತು. ನೀರು ಇಲ್ಲ. ಒಂದಿಷ್ಟು ಮಂದವಾಗಿತ್ತು ಅನ್ನಬಹುದು, ಅಷ್ಟೇ. ಆಯಿ ಎರಡನ್ನೂ ನೋಡಿ, ‘ಇದೊಂದು ದನಕ್ಕೆ, ಇದೊಂದು ಜನಕ್ಕೆ’ ಅಂದಳು. ಅಲ್ಲಿಂದ ಮುಂದೆ ನಾನು ಟಾಪಿಂಗಿಗೆ ಕಾರ್ನ್‌ಫ್ಲೋರ್ ಮುಟ್ಟಿಲ್ಲ.

ಬಣ್ಣದ ವಿಷಯದಲ್ಲೂ ಇದು ಗೆಲ್ಲುತ್ತದೆ. ಮುರುಗಲಿನ ಕೆಂಪು ಎಷ್ಟು ಚೆಂದ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾರ್ನ್‌ಫ್ಲೋರ್ ಬಿದ್ದ ಕೂಡಲೇ ಅದು ಹಾಲು ಬೆರೆತ ಗುಲಾಬಿ ಆಗುತ್ತದೆ. 1442ರಲ್ಲಿ ಸಾಸ್ ಪಾರದರ್ಶಕ. ಬಾಟಲಿಯನ್ನು ಕಿಟಕಿಗೆ ಹಿಡಿದರೆ ಸೂಜಿಮೆಣಸಿನ ಬೀಜ ಎಣಿಸಬಹುದು. ಮುರುಗಲಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಜೋರಾಗಿದೆ. ಮಾಮೂಲಿ ಪಿಷ್ಟ ಅದರ ಎದುರು ನಿಲ್ಲುವುದು ಕಷ್ಟ. ಕೊಂಡಿ ಹಾಕಿದ್ದು ನಿಲ್ಲುತ್ತದೆ. ಹೋದ ಬೇಸಿಗೆಯಲ್ಲಿ ಮಾಡಿದ ಸಾಸಿನ ಬಾಟಲಿ ದೀಪಾವಳಿಗೆ ತೆರೆದಾಗಲೂ ಅಷ್ಟೇ ಗಟ್ಟಿ ಇತ್ತು.

ಮರವಳ್ಳಿ ಗೆಣಸಿನ ಸ್ಟಾರ್ಚ್ ಯಾಕೆ ಬೇಡ ಅಂತ ಹೊನ್ನಾವರದ ಅತ್ತಿಗೆ ಕೇಳಿದರು. ಸೇಲಂ ಕಡೆಯಿಂದ ಬರುತ್ತದೆ, ಅಗ್ಗ, ಕಾರ್ನ್‌ಫ್ಲೋರಿಗಿಂತ ತಿಳಿ ಕೂಡ. ಆದರೆ ಏನೂ ಬದಲಿಸದ ಮರವಳ್ಳಿ ಸ್ಟಾರ್ಚ್ ಕುದಿದ ಮೇಲೆ ನೂಲು ನೂಲಾಗಿ ಎಳೆಯುತ್ತದೆ. ಚಮಚ ಎತ್ತಿದರೆ ಲೋಳೆ ಇಳಿದ ಹಾಗೆ ಕಾಣುತ್ತದೆ, ಐಸ್‌ಕ್ರೀಮ್ ಮೇಲೆ ನೋಡಲು ಒಂಥರಾ. ಕೊಂಡಿ ಹಾಕಿದ ಸ್ಟಾರ್ಚು ಹಾಗಲ್ಲ, ತಟಕ್ಕನೆ ಕಡಿದು ಬೀಳುತ್ತದೆ. ಮರವಳ್ಳಿಯಿಂದ ಮಾಡಿದ 1442ಯೂ ಇದೆ, ಅದೂ ಒಳ್ಳೆಯದೇ.

ಇನ್ನು ಬಳಸುವ ಬಗೆ. ಇಲ್ಲಿ ಎಲ್ಲರೂ ಎಡವುತ್ತಾರೆ, ಅದಕ್ಕೇ ವಿವರವಾಗಿ ಬರೆಯುತ್ತೇನೆ. ಕಿಲೋ ಟಾಪಿಂಗಿಗೆ ನಾನು 25ರಿಂದ 30 ಗ್ರಾಂ ಹಾಕುತ್ತೇನೆ. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಬೇಕು. ಬಿಸಿ ರಸಕ್ಕೆ ಒಣ ಪುಡಿ ಉದುರಿಸಿದಿರೋ, ಹೊರಗೆ ಬೆಂದು ಒಳಗೆ ಹಸಿ ಇರುವ ಉಂಡೆಗಳು ಗ್ಯಾರಂಟಿ. ಸಕ್ಕರೆಯನ್ನೂ ಒಟ್ಟಿಗೇ ಸುರಿಯಬೇಡಿ. ಸಕ್ಕರೆ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಪಿಷ್ಟಕ್ಕೆ ಕುಡಿಯಲು ಸಿಗುವುದಿಲ್ಲ, ಉಬ್ಬಲು ಇನ್ನೂ ಜಾಸ್ತಿ ಬಿಸಿ ಬೇಕಾಗುತ್ತದೆ. ನಾನು ಅರ್ಧ ಸಕ್ಕರೆ ಮೊದಲು, ಪಿಷ್ಟ ಬೆಂದ ಮೇಲೆ ಉಳಿದರ್ಧ ಹಾಕುತ್ತೇನೆ. ಥರ್ಮಾಮೀಟರ್ ಇಟ್ಟುಕೊಳ್ಳಿ. 90 ಡಿಗ್ರಿ ದಾಟಿ ಕೆಲವು ನಿಮಿಷ ನಿಲ್ಲಬೇಕು. ಕೊಂಡಿ ಹಾಕಿದ ಕಣ ನಿಧಾನಕ್ಕೆ ಉಬ್ಬುವುದು. ಕಾರ್ನ್‌ಫ್ಲೋರಿನ ಅಭ್ಯಾಸದಲ್ಲಿ ‘ಗಟ್ಟಿಯಾಯಿತು’ ಅಂತ ಬೇಗ ಇಳಿಸಿದರೆ ಹಸಿ ಹಿಟ್ಟು ಹಾಗೇ ಉಳಿಯುತ್ತದೆ, ಮಾರನೇ ದಿನ ತಳದಲ್ಲಿ ಬಿಳಿ ಪದರ ಕಾಣುತ್ತದೆ. ಹಾಗೆಯೇ ಬಿಸಿಯಲ್ಲಿ ತೆಳ್ಳಗಿದೆ ಅಂತ ಇನ್ನೊಂದು ಚಮಚ ಪುಡಿ ಹಾಕುವ ಚಪಲವೂ ಬೇಡ. ತಟ್ಟೆಗೆ ಒಂದಿಷ್ಟು ಹಾಕಿ ಪೂರ್ತಿ ತಣಿದ ಮೇಲೆಯೇ ನಿರ್ಧಾರ ಮಾಡಿ.

ನೆಕ್ಕಿದ ಚಮಚವನ್ನು ಪಾತ್ರೆಗೆ ಮತ್ತೆ ಅದ್ದಬೇಡಿ ಅಂತ ನಾನು ಹೇಳಿದರೆ ಕೆಲಸಕ್ಕೆ ಬರುವ ಹುಡುಗಿಯರು ಮಡಿ ಮೈಲಿಗೆ ಅಂತ ನಗುತ್ತಾರೆ. ಶುಚಿತ್ವ ಒಂದು ಕಡೆ, ಎಂಜಲಿನಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ. ಅದು ಪಿಷ್ಟವನ್ನು ಕತ್ತರಿಸುತ್ತದೆ. ತಣಿದ ಟಾಪಿಂಗಿಗೆ ಒಂದು ಎಂಜಲು ಚಮಚ ಬಿದ್ದರೂ ಆ ಜಾಗ ನೀರಾಗುತ್ತದೆ. ಕಾಯಿಸದ ತುಡುವೆ ಜೇನಿನಲ್ಲೂ ಇದೇ ಬಗೆಯ ಕಿಣ್ವ ಇದೆ. ಯಲ್ಲಾಪುರದ ನೆಂಟರೊಬ್ಬರು ಅನಾನಸ್ ಟಾಪಿಂಗಿಗೆ ಕೊನೆಯಲ್ಲಿ ಹಸಿ ಜೇನು ಬೆರೆಸಿ, ವಾರದೊಳಗೆ ಅದು ಷರಬತ್ತಾಯಿತು ಅಂತ ಪುಡಿಯನ್ನು ಬೈದರು. ಪುಡಿಯ ತಪ್ಪಲ್ಲ, ಕೊಂಡಿ ಇದ್ದರೂ ಕಿಣ್ವದ ಎದುರು ಅದು ಪೂರ್ತಿ ಉಳಿಯಲಾರದು. ಜೇನು ಬೇಕಾದರೆ ಕುದಿಯುವಾಗಲೇ ಹಾಕಿ. ಅನಾನಸಿನ ಬ್ರೊಮೆಲೈನ್ ಬಗ್ಗೆ ಮಾತ್ರ ಹೆದರಬೇಡಿ. ಅದು ಪ್ರೋಟೀನು ಕಡಿಯುವ ಕಿಣ್ವ, ಜಿಲೆಟಿನ್ ಹೆಪ್ಪುಗಟ್ಟಲು ಬಿಡುವುದಿಲ್ಲ, ಪಿಷ್ಟದ ತಂಟೆಗೆ ಬರುವುದಿಲ್ಲ.

ಎಲ್ಲಿ ಇದು ಬೇಡ? ಹಲ್ವಕ್ಕೆ ಬೇಡ. ಭಟ್ಕಳ, ಹೊನ್ನಾವರದ ಕಡೆ ಕಾರ್ನ್‌ಫ್ಲೋರಿನಲ್ಲಿ ಮಾಡುವ ಹಲ್ವ ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ ಕೂರಬೇಕು, ಅದಕ್ಕೆ ಅಮೈಲೋಸ್ ಬೇಕೇ ಬೇಕು. 1442 ಹಾಕಿದರೆ ಸುರಿಯುವ ಹಲ್ವ ಆಗುತ್ತದೆ. ಜಾಮಿಗೂ ಬೇಡ, ಅಲ್ಲಿ ಗಟ್ಟಿ ಮಾಡಲು ಪೆಕ್ಟಿನ್ ಇದೆ. ಮಗುವಿಗೆ ಗಂಜಿ ಕಾಯಿಸಲು ಕೂವೆ ಹಿಟ್ಟು ಇರುವಾಗ ಇದನ್ನು ಯಾರೂ ಯೋಚಿಸುವುದೂ ಬೇಡ. ಇನ್ನೊಂದು, ಇದು ಕೆಡದಂತೆ ಕಾಪಾಡುವ ವಸ್ತು ಅಲ್ಲ. ಬಾಟಲಿ ಶುದ್ಧವಿಲ್ಲದಿದ್ದರೆ ಬೂಸ್ಟು ಬಂದೇ ಬರುತ್ತದೆ.

‘ಕೆಮಿಕಲ್ ಅಲ್ವಾ ಇದು?’ ಈ ಪ್ರಶ್ನೆ ಪ್ರತಿ ಮೇಳದಲ್ಲೂ ಬರುತ್ತದೆ. ಹೌದು, ರಾಸಾಯನಿಕವಾಗಿ ಬದಲಿಸಿದ ಪಿಷ್ಟವೇ. ಮುಚ್ಚಿಡುವಂಥದ್ದು ಏನಿಲ್ಲ, ನಮ್ಮ ಲೇಬಲ್ಲಿನಲ್ಲಿ ನಂಬರ್ ಸಹಿತ ಬರೆದಿದ್ದೇವೆ. ಆಹಾರ ಸೇರ್ಪಡೆಗಳನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಸಮಿತಿ ಇದಕ್ಕೆ ದಿನಕ್ಕಿಷ್ಟೇ ಎಂಬ ಮಿತಿ ಹಾಕಿಲ್ಲ. ಆದರೆ ತಯಾರಿಕೆಗೆ ಮಿತಿ ಇದೆ. ಹೈಡ್ರಾಕ್ಸಿಪ್ರೊಪೈಲ್ ಗುಂಪು 7 ಶೇಕಡಾ ಮೀರಬಾರದು, ಪ್ರೊಪೈಲೀನ್ ಕ್ಲೋರೋಹೈಡ್ರಿನ್ ಎಂಬ ಉಳಿಕೆ ಕಿಲೋಗೆ 1 ಮಿಲಿಗ್ರಾಂ ಮೀರಬಾರದು. ಸಕ್ಕರೆ ಕಾಯಿಲೆಯವರಿಗೆ ನಾನು ಹೇಳುವುದು ಒಂದೇ, ಇದು ಪಿಷ್ಟ, ಅನ್ನದ ಲೆಕ್ಕದಲ್ಲೇ ಇಡಿ. ಅದಕ್ಕಿಂತ ನಮ್ಮ ಟಾಪಿಂಗಿನ ಸಕ್ಕರೆಯೇ ಅವರಿಗೆ ದೊಡ್ಡ ಶತ್ರು.

ಕೊಳ್ಳುವಾಗ ಹುಷಾರು ಬೇಕಾದದ್ದು ಬೇರೆ ಕಾರಣಕ್ಕೆ. ಬದಲಿಸಿದ ಪಿಷ್ಟಗಳ ದೊಡ್ಡ ಗಿರಾಕಿಗಳಲ್ಲಿ ಅಡುಗೆಮನೆಯವರಷ್ಟೇ ಇಲ್ಲ. ದಾಂಡೇಲಿಯವರಿಗೆ ಕಾಗದದ ಉದ್ಯಮ ಹೊಸದಲ್ಲ. ಆ ಉದ್ಯಮದಲ್ಲಿ ಆಕ್ಸಿಡೈಸ್ ಮಾಡಿದ ಸ್ಟಾರ್ಚನ್ನು ಹಾಳೆಯ ಮೈಗೆ ಲೇಪಿಸುತ್ತಾರೆ, ಶಾಯಿ ಹರಡಬಾರದಲ್ಲ, ಅದಕ್ಕೆ. ಧನ ವಿದ್ಯುದಂಶ ಇರುವ ಕ್ಯಾಟಯಾನಿಕ್ ಸ್ಟಾರ್ಚನ್ನು ತಿರುಳಿಗೇ ಬೆರೆಸುತ್ತಾರೆ, ಅದು ನಾರಿಗೆ ಅಂಟಿ ಹಾಳೆಗೆ ಬಲ ಕೊಡುತ್ತದೆ. ಮಗ್ಗದಲ್ಲಿ ಹಾಸಿನ ನೂಲು ಕಡಿಯದಂತೆ ಹಚ್ಚುವ ಗಂಜಿಯೂ ಇದೇ ಕುಟುಂಬ. ಬಟ್ಟೆ ಮೇಲೆ ಬಣ್ಣ ಮುದ್ರಿಸುವಾಗ ಬಣ್ಣ ಹರಿಯದಂತೆ ಕಾರ್ಬಾಕ್ಸಿಮೀಥೈಲ್ ಸ್ಟಾರ್ಚ್ ಬೆರೆಸುತ್ತಾರೆ. ತೈಲಬಾವಿ ಕೊರೆಯುವ ಕೆಸರಿನಲ್ಲೂ ಇದರ ಬಂಧುಗಳಿವೆ, ಕೆಸರಿನ ನೀರು ಬಂಡೆಯೊಳಗೆ ಇಂಗಿ ಹೋಗದಂತೆ ಹಿಡಿಯಲು. ನಾವು ನುಂಗುವ ಎಷ್ಟೋ ಮಾತ್ರೆಗಳಲ್ಲಿ ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಇರುತ್ತದೆ, ಹೊಟ್ಟೆಯ ನೀರು ತಾಗಿದ ಕೂಡಲೇ ಉಬ್ಬಿ ಮಾತ್ರೆಯನ್ನು ಒಡೆಯುತ್ತದೆ. ನಮ್ಮ ಬಾಟಲಿ ಹೋಗುವ ರಟ್ಟಿನ ಪೆಟ್ಟಿಗೆ ಕೂಡ ಸ್ಟಾರ್ಚಿನ ಅಂಟಿನಲ್ಲೇ ನಿಂತಿದೆ, ಕಾಸ್ಟಿಕ್ ಸೋಡಾ ಮತ್ತು ಬೊರಾಕ್ಸ್ ಹಾಕಿ ಕಾಯಿಸಿದ್ದು. ಮಳೆಗಾಲದಲ್ಲಿ ಪೆಟ್ಟಿಗೆ ಪದರ ಬಿಡುವುದು ಇದೇ ಅಂಟು ತೇವ ಕುಡಿಯುವುದರಿಂದ. ನೀರು ತಡೆಯುವ ರಾಳ ಸೇರಿಸಿದ ಅಂಟಿನ ಪೆಟ್ಟಿಗೆ ಕೇಳಿ ತರಿಸಿ, ಸ್ವಲ್ಪ ದುಬಾರಿಯಾದರೂ.

ಟೈಲ್ಸ್ ಅಂಟಿಸುವ ಪುಡಿಯ ಕಥೆಯೇ ನಮಗೆ ತಾಗಿದ್ದು. ಗೋಡೆಗೆ ಹಚ್ಚಿದ ಟೈಲ್ಸ್ ಕೆಳಗೆ ಜಾರದಂತೆ ಆ ಪುಡಿಗೆ ಹೈಡ್ರಾಕ್ಸಿಪ್ರೊಪೈಲ್ ಸ್ಟಾರ್ಚ್ ಈಥರ್ ಸೇರಿಸುತ್ತಾರೆ. ಹೆಸರು ಕೇಳಿದರೆ ಅಣ್ಣತಮ್ಮ ಅನ್ನಬೇಕು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಗೆ ಫೋನಿನಲ್ಲಿ ಬೇಡಿಕೆ ಕೊಟ್ಟಿದ್ದೆ. ‘ಅದss ಇದು ಅಕ್ಕಾರ, ರೇಟು ಕಮ್ಮಿ ಐತಿ, ತಗೋರಿ’ ಅಂತ ಕಳಿಸಿದ ಚೀಲ ಬಂತು. ಮೇಲೆ ನಂಬರಿಲ್ಲ, ಆಹಾರ ಪರವಾನಗಿ ಸಂಖ್ಯೆ ಇಲ್ಲ, ಬ್ಯಾಚ್ ಚೀಟಿ ಇಲ್ಲ. ಅನುಮಾನ ಬಂದು ಒಂದು ಚಮಚ ತಣ್ಣೀರಿಗೆ ಹಾಕಿದೆ. ಕಾಯಿಸುವ ಮೊದಲೇ ಅಂಟಾಯಿತು. ನಾವು ಬಳಸುವ 1442 ತಣ್ಣೀರಲ್ಲಿ ಸುಮ್ನೆ ಹಾಲಿನ ಬಣ್ಣಕ್ಕೆ ತಿರುಗಿ ತಳಕ್ಕೆ ಕೂರುತ್ತದೆ. ಕೇಳಿದರೆ ಆತ ‘ಕಟ್ಟಡದವರು ಒಯ್ಯೋದು ಇದ’ ಅಂತ ಕೊನೆಗೆ ಒಪ್ಪಿದ. ಹಣ ವಾಪಸ್ ಕೊಡಲು ತಿಂಗಳುಗಟ್ಟಲೆ ಸತಾಯಿಸಿದ, ಲಾರಿ ಬಾಡಿಗೆ ನನ್ನ ತಲೆಗೇ ಬಂತು. ಗೋಡೆಗೆ ಹಚ್ಚುವುದನ್ನು ಐಸ್‌ಕ್ರೀಮಿಗೆ ಹಾಕುವವರು ಇದ್ದಾರಾ? ಅಂಥವರೂ ಇರಬಹುದು ಅನ್ನುವುದೇ ನನ್ನ ಹೆದರಿಕೆ. ತಣ್ಣೀರಲ್ಲೇ ಗಟ್ಟಿಯಾಗುವ, ತಿನ್ನಬಹುದಾದ ಸ್ಟಾರ್ಚುಗಳೂ ಇವೆ ಅನ್ನಿ. ಹಾಗಾಗಿ ತಣ್ಣೀರಿನ ಪರೀಕ್ಷೆ ಒಂದನ್ನೇ ನಂಬಬೇಡಿ, ಕಾಗದ ನೋಡಿ.

ಮೂಲ ಪಿಷ್ಟ ಯಾವುದು ಅಂತ ತಿಳಿಯಲು ಇನ್ನೊಂದು ಉಪಾಯ ಇದೆ. ಬೆಂದ ಗಂಜಿಯನ್ನು ತೆಳ್ಳಗೆ ಮಾಡಿ, ತಣಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಡಿ. ಅಮೈಲೋಸ್ ಇರುವ ಮಾಮೂಲಿ ಜೋಳವಾದರೆ ಕಡು ನೀಲಿ. ವ್ಯಾಕ್ಸಿ ಜೋಳವಾದರೆ ಕೆಂಗಂದು. ವ್ಯಾಕ್ಸಿ ಅಂತ ಹೇಳಿ ಮಾಮೂಲಿ ಕಾರ್ನ್‌ಫ್ಲೋರ್ ತುಂಬಿ ಕೊಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಬೆಲೆ ನನಗೆ ಕಾರ್ನ್‌ಫ್ಲೋರಿನ ಎರಡರಿಂದ ಮೂರು ಪಟ್ಟು ಬೀಳುತ್ತದೆ. ಒಂದು ಬಾಟಲಿಗೆ ಲೆಕ್ಕ ಹಾಕಿದರೆ ಮುಚ್ಚಳದ ಖರ್ಚಿಗಿಂತ ಕಡಿಮೆ. ವಾಪಸ್ ಬರುವ ಮಾಲು ನಿಂತಿದ್ದರಿಂದ ಆ ದುಡ್ಡು ಯಾವಾಗಲೋ ಹುಟ್ಟಿದೆ. ನನಗೆ ಸಿಟ್ಟಿರುವುದು 25 ಕಿಲೋ ಚೀಲದ ಮೇಲೆ. ತಯಾರಕರು ಅದಕ್ಕಿಂತ ಸಣ್ಣದು ಕೊಡುವುದಿಲ್ಲ, ಬಿಡಿ ಮಾರುವವರ ಬಳಿ ಹೋದರೆ ಯಾವ ಬ್ಯಾಚು ಅಂತ ಗೊತ್ತಾಗುವುದಿಲ್ಲ. ನಮ್ಮ ಹವೆಗೆ ತೆರೆದ ಚೀಲ ತೇವ ಎಳೆದು ಉಂಡೆ ಕಟ್ಟುತ್ತದೆ. ನಾನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಚೀಲದ ಲೇಬಲ್ ಕತ್ತರಿಸಿ ಡ್ರಮ್ಮಿಗೆ ಅಂಟಿಸುತ್ತೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದು ಅಂಕ ಚೀಲದ ಲೆಕ್ಕಕ್ಕೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಾಸೋ ಟಾಪಿಂಗೋ ಮಾಡುವ ಮೂರು ನಾಲ್ಕು ಮನೆಯವರು ಸೇರಿ ಒಂದು ಚೀಲ ತರಿಸಿ ಹಂಚಿಕೊಳ್ಳುವುದು ಒಳ್ಳೆಯದು. ಹಂಚುವಾಗ ಬ್ಯಾಚ್ ನಂಬರ್, ತಯಾರಿಸಿದ ದಿನಾಂಕ, ಪರೀಕ್ಷಾ ವರದಿಯ ಪ್ರತಿ, ಇಷ್ಟನ್ನು ಪ್ರತಿಯೊಬ್ಬರೂ ಇಟ್ಟುಕೊಳ್ಳಿ. ನಿಮ್ಮ ಉತ್ಪನ್ನದ ವರ್ಗಕ್ಕೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಲ್ಲಿ 1442ಕ್ಕೆ ಅನುಮತಿ ಇದೆಯಾ ಅಂತ ಪರವಾನಗಿ ಮಾಡಿಸಿಕೊಡುವವರ ಹತ್ತಿರ ಕೇಳಿಕೊಂಡೇ ಲೇಬಲ್ ಅಚ್ಚು ಹಾಕಿಸಿ. ಒಮ್ಮೆ ಅಚ್ಚಾದ ಲೇಬಲ್ ಬದಲಿಸುವ ಖರ್ಚಿನಲ್ಲಿ ಇನ್ನೊಂದು ಚೀಲ ಬರುತ್ತದೆ.